ಸಿಕ್ಸ್ ಸಿಲಿಂಡರ್ ಮಸ್ಟ್ಯಾಂಗ್‌ಗೆ ಎ.ಸಿ.: ಮಾಡಿಸಿದವರು, ಮಾಡಿದವರು ಹೇಳಿ

ಪ್ರಶ್ನೆ: 1966ರ ಫೋರ್ಡ್ ಮಸ್ಟ್ಯಾಂಗ್, 200 ಕ್ಯೂಬಿಕ್ ಇಂಚಿನ ಇನ್‌ಲೈನ್ ಸಿಕ್ಸ್, ಆಟೋಮ್ಯಾಟಿಕ್. ಕಾರು ಇರೋದು ಅರಿಝೋನಾದ ಫೀನಿಕ್ಸ್‌ನಲ್ಲಿ. ಎ.ಸಿ. ಕೂರಿಸಿದರೆ ಇಂಜಿನ್ ಎಳೆಯುತ್ತಾ? ಹೀಟ್ ಆಗಲ್ವಾ?

ಉತ್ತರ 1
ಎಳೆಯುತ್ತೆ ಸರ್, ಧೈರ್ಯವಾಗಿ ಹಾಕಿಸಿ. ಹಳೇ ಯಾರ್ಕ್ ಕಂಪನಿಯ ಕಂಪ್ರೆಸರ್ (ಎ.ಸಿ. ಗ್ಯಾಸನ್ನು ಒತ್ತಿ ಸುತ್ತಿಸೋ ಪಂಪ್) ಮಾತ್ರ ಬೇಡ. ಎರಡೇ ಪಿಸ್ಟನ್, ಭಾರ, ನಡುಕವೂ ಜಾಸ್ತಿ. ಐದು ಪಿಸ್ಟನ್ನಿನ ಸ್ಯಾಂಡೆನ್ 508 ತಗೊಳ್ಳಿ. ಅದನ್ನು ಇಂಜಿನ್‌ಗೆ ಕೂರಿಸೋ ಬ್ರ್ಯಾಕೆಟ್ 200 ಸಿಕ್ಸ್‌ನದೇ ಆಗಬೇಕು, ಎಂಟು ಸಿಲಿಂಡರಿನ 289 ವಿ8 ಇಂಜಿನ್‌ನದು ಕೂರಲ್ಲ. ದುಡ್ಡು ಕೊಡೋ ಮುಂಚೆ ಕ್ರ್ಯಾಂಕ್ ಪುಲ್ಲಿ ನೋಡಿ: ಒಂದೇ ಗ್ರೂವ್ ಇದ್ದರೆ ಎ.ಸಿ. ಬೆಲ್ಟ್‌ಗೆ ಜಾಗವಿಲ್ಲ. ಪುಲ್ಲಿಗಳಿಗೆ ನೇರಪಟ್ಟಿ ಹಿಡಿದು ನೋಡಿ, 1.5 ಮಿ.ಮೀ.ಗಿಂತ ಹೆಚ್ಚು ಆಚೀಚೆ ಇದ್ದರೆ ಬೆಲ್ಟ್ ಕಿರುಚುತ್ತೆ, ಆಮೇಲೆ ಕಳಚಿಕೊಳ್ಳುತ್ತೆ.

ಸಿಗ್ನಲ್‌ನಲ್ಲಿ ಗೇರ್‌ನಲ್ಲೇ ನಿಂತಾಗ ಕಂಪ್ರೆಸರ್‌ನ ಕ್ಲಚ್ (ಎ.ಸಿ. ಆನ್ ಆದಾಗ ಬೆಲ್ಟ್‌ಗೆ ಕಂಪ್ರೆಸರನ್ನು ಜೋಡಿಸೋದು) ಹಿಡಿದರೆ ಐಡ್ಲಿಂಗ್ ಕುಸಿಯುತ್ತೆ. ಐಡಲ್ ಸ್ಕ್ರೂ ತಿರುಗಿಸಿ ಅದನ್ನು ಏರಿಸಿದರೆ ಎ.ಸಿ. ಆಫ್ ಇದ್ದಾಗ ಕಾರು ಮುಂದಕ್ಕೆ ನೂಕುತ್ತೆ. ಕಾರ್ಬ್ಯುರೇಟರ್‌ಗೆ ಐಡಲ್-ಅಪ್ ಸೊಲೆನಾಯ್ಡ್ (ಕರೆಂಟ್ ಬಂದಾಗ ಮಾತ್ರ ಐಡ್ಲಿಂಗ್ ಏರಿಸೋ ಭಾಗ) ಹಾಕಿ, ಆ ಕ್ಲಚ್ ವೈರಿನಿಂದಲೇ ಕರೆಂಟ್ ಕೊಡಿ.

ಉತ್ತರ 2
ತಂಪು ಮಾಡೋದು ಸುಲಭ, ಬಿಸಿ ಹೊರಹಾಕೋದೇ ನಿಜವಾದ ಕೆಲಸ. ಎ.ಸಿ. ಗ್ಯಾಸಿನ ಬಿಸಿ ಹೊರಹಾಕೋ ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂರುತ್ತೆ, ಅದನ್ನು ದಾಟಿ ಬಿಸಿಯಾದ ಗಾಳಿಯೇ ರೇಡಿಯೇಟರ್‌ಗೆ ಹೋಗೋದು. ಫೀನಿಕ್ಸ್‌ನಲ್ಲಿ ಬೇಸಿಗೆ 43 ಡಿಗ್ರಿ ದಾಟುತ್ತೆ, ಹಾಗಾಗಿ ಈ ಭಾಗದಲ್ಲಿ ದುಡ್ಡು ಉಳಿಸಬೇಡಿ. ಪ್ಯಾರಲಲ್ ಫ್ಲೋ ಕಂಡೆನ್ಸರ್ (ಗ್ಯಾಸ್ ಹಲವು ಕೊಳವೆಗಳಲ್ಲಿ ಒಟ್ಟಿಗೆ ಹರಿಯೋದು), ಮೂರು ಸಾಲು ಕೊಳವೆಯ ರೇಡಿಯೇಟರ್, ಶ್ರೌಡ್ (ಫ್ಯಾನ್ ಸುತ್ತಲಿನ ಕವಚ), ಮೂರೂ ಬೇಕು. ಫ್ಯಾನ್ ರೆಕ್ಕೆ ಶ್ರೌಡ್ ಒಳಗೆ ಅರ್ಧ, ಹೊರಗೆ ಅರ್ಧ ಇರಲಿ. ಕಂಡೆನ್ಸರ್, ರೇಡಿಯೇಟರ್ ನಡುವಿನ ಸಂದಿಗೆ ಸುತ್ತ ಫೋಮ್ ತುಂಬಿ, ಇಲ್ಲದಿದ್ದರೆ ಗಾಳಿ ಪಕ್ಕದಿಂದ ನುಸುಳಿ ಹೋಗುತ್ತೆ. ಎಲೆಕ್ಟ್ರಿಕ್ ಫ್ಯಾನ್ ಹಾಕುವವರಿದ್ದಾರೆ. ಈ ಇಂಜಿನ್‌ಗೆ ಶ್ರೌಡ್ ಜೊತೆ ಆರು ರೆಕ್ಕೆಯ ಬೆಲ್ಟ್ ಫ್ಯಾನೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಹಳೇ ಆಲ್ಟರ್ನೇಟರ್ ಸುಮಾರು 40 ಆಂಪ್‌ನದು, ಬ್ಲೋವರ್, ಕ್ಲಚ್, ಹೆಡ್‌ಲೈಟ್ ಒಟ್ಟಿಗೆ ಹೊತ್ತರೆ ಐಡ್ಲಿಂಗ್‌ನಲ್ಲಿ ಬ್ಯಾಟರಿ ಇಳಿಯುತ್ತೆ. 60 ಆಂಪ್ ಮೇಲಿನದು ಹಾಕಿ. ಬ್ಲೋವರ್‌ಗೆ ರಿಲೇ ಇರಲಿ, ಇಗ್ನಿಷನ್ ಸ್ವಿಚ್‌ನಿಂದ ನೇರವಾಗಿ ಎಳೆಯಬೇಡಿ.

ಉತ್ತರ 3
ಗ್ಯಾಸ್ ವಿಷಯ. ಆರ್-134ಎ ಗ್ಯಾಸ್, ಅದು ಸೋರದಂಥ ಬ್ಯಾರಿಯರ್ ಹೋಸ್, ಜೋಡಣೆಗಳಿಗೆ ಹಸಿರು ಓ-ರಿಂಗ್. ರಿಂಗ್‌ಗೆ ಎಣ್ಣೆ ಸವರಿ, ಎರಡು ಸ್ಪ್ಯಾನರ್ ಹಿಡಿದೇ ಬಿಗಿ ಮಾಡಿ. ಡ್ರೈಯರ್ (ಗ್ಯಾಸಿನ ತೇವ ಹೀರೋ ಡಬ್ಬಿ) ಮುಚ್ಚಳ ಕಟ್ಟಕಡೆಗೆ ತೆಗೀರಿ, ತೆರೆದಿಟ್ಟರೆ ಗಾಳಿಯ ತೇವ ಹೀರಿ ಅಲ್ಲೇ ಕೆಡುತ್ತೆ. ಕನಿಷ್ಠ 45 ನಿಮಿಷ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಕದಲದೆ ನಿಲ್ಲುತ್ತಾ ನೋಡಿ. ತೇವ ಉಳಿದರೆ ಗ್ಯಾಸಿನ ಹರಿವನ್ನು ಅಳೆದು ಬಿಡೋ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತೆ. ಗ್ಯಾಸನ್ನು ತೂಕ ಮಾಡಿಯೇ ತುಂಬಿ. ಇಂಥ ಕಿಟ್‌ಗಳಿಗೆ ಸಾಮಾನ್ಯವಾಗಿ 800 ಗ್ರಾಂ ಆಸುಪಾಸು, ಆದರೆ ನಿಮ್ಮ ಕಿಟ್‌ನ ಪುಸ್ತಕದ ಲೆಕ್ಕವೇ ಅಂತಿಮ. ಸ್ಟಾರ್ಟ್ ಮಾಡೋ ಮುಂಚೆ ಕಂಪ್ರೆಸರ್ ಹಬ್ಬನ್ನು ಕೈಯಲ್ಲಿ 15 ಸುತ್ತು ತಿರುಗಿಸಿ, ಒಳಗೆ ದ್ರವ ನಿಂತಿದ್ದರೆ ವಾಲ್ವ್ ಮುರಿಯುತ್ತೆ.

ಹೊರಗೆ 32 ಡಿಗ್ರಿ ಇದ್ದಾಗ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರೋ ಕಡೆ) ಒತ್ತಡ 30–40, ಹೈ ಸೈಡ್ (ಅದರಿಂದ ಹೊರಹೋಗೋ ಕಡೆ) 200–230 ಪಿ.ಎಸ್.ಐ. ಇದ್ದರೆ ಸರಿ. ಹೈ ಸೈಡ್ 300 ದಾಟಿ ಏರುತ್ತಲೇ ಇದ್ದರೆ ಕಂಡೆನ್ಸರ್‌ಗೆ ನೀರು ಚಿಮುಕಿಸಿ. ಕೂಡಲೇ ಇಳಿದು ಎ.ಸಿ. ತಂಪಾದರೆ ಗಾಳಿ ಸಾಲುತ್ತಿಲ್ಲ ಅಂತ ಮೊದಲು ಅನುಮಾನಿಸಿ, ಫ್ಯಾನ್ ಕಡೆ ನೋಡಿ.

ಉತ್ತರ 4
ಒಂದು ಬಿಟ್ಟುಹೋಯ್ತು. ಈ ಕಾರಿನ ಹೀಟರ್ ಕೋರ್‌ನಲ್ಲಿ (ಕಾರಿನೊಳಗೆ ಬಿಸಿ ಗಾಳಿ ಕೊಡೋ ಪುಟ್ಟ ರೇಡಿಯೇಟರ್) ಇಂಜಿನ್ನಿನ ಬಿಸಿನೀರು ಯಾವಾಗಲೂ ಹರೀತಿರುತ್ತೆ. ಡ್ಯಾಶ್ ಕೆಳಗೆ ತೂಗುಹಾಕುವ ಎ.ಸಿ. ಯೂನಿಟ್ ತಗೊಂಡರೆ ಹೀಟರ್ ಹೋಸ್‌ಗೆ ಒಂದು ಶಟ್-ಆಫ್ ವಾಲ್ವ್ ಹಾಕಿ, ಬೇಸಿಗೆಯಲ್ಲಿ ಮುಚ್ಚಿಡಿ. ಎ.ಸಿ.ಯ ನೀರು ಹೊರಬಿಡೋ ಡ್ರೈನ್ ಪೈಪ್ ಎಲ್ಲೂ ಮೇಲಕ್ಕೇಳದೆ ಇಳಿಜಾರಾಗಿ ಫ್ಲೋರ್ ದಾಟಲಿ, ಇಲ್ಲದಿದ್ದರೆ ಕಾರ್ಪೆಟ್ ನೆನೆದು ಫ್ಲೋರ್ ತುಕ್ಕು ಹಿಡಿಯುತ್ತೆ.