ಅಪ್‌ಡೇಟ್: ಅಮ್ಮನ ಬಿಪಿ ಮಾತ್ರೆ, ಕಾಲಿನ ಊತ

ಆಮ್ಲೋಡಿಪಿನ್ ಶುರುವಾದ ಮೇಲೆ ಅಮ್ಮನ ಪಾದ ಊದಿಕೊಳ್ಳುತ್ತಿದೆ, ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ತೋರಿಸಿದೆವು. ಕಿಡ್ನಿ, ಹೃದಯ ಎರಡೂ ಚೆನ್ನಾಗಿವೆ. ಈ ಮಾತ್ರೆ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಆಗ ನೀರು ಹೊರಗೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ, ಡೋಸ್ ಜಾಸ್ತಿಯಾದಷ್ಟೂ ಊತವೂ ಜಾಸ್ತಿ ಅಂತ ಡಾಕ್ಟರ್ ಬಿಡಿಸಿ ಹೇಳಿದರು. 10 ಮಿ.ಗ್ರಾಂ. ಇದ್ದದ್ದನ್ನು 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್ ಅನ್ನುವ ಇನ್ನೊಂದು ಬಿಪಿ ಮಾತ್ರೆ ಕೊಟ್ಟಿದ್ದಾರೆ. ಈಗ ಸಂಜೆ ಬೆರಳಿಂದ ಒತ್ತಿದರೂ ಗುಳಿ ಬೀಳುವುದಿಲ್ಲ, ಚಪ್ಪಲಿ ಪಟ್ಟಿಯ ಅಚ್ಚೂ ಇಲ್ಲ. ಬಿಪಿ 130/80ರ ಆಸುಪಾಸಿನಲ್ಲಿದೆ. ಮನೆಯಲ್ಲಿ ನೋಡುವ ಮುಂಚೆ 5 ನಿಮಿಷ ಸುಮ್ನೆ ಕೂರಿಸುತ್ತೇನೆ, ಕೈ ಎದೆಯ ಮಟ್ಟಕ್ಕೆ, ಮಾತಿಲ್ಲ. ಉಪ್ಪು ಕಡಿಮೆ ಮಾಡಲು ಉಪ್ಪಿನಕಾಯಿ ಬಿಡಿಸುವುದೇ ಕಷ್ಟ, ಮಿಡಿ ಇಲ್ಲದೆ ಮೊಸರನ್ನ ಇಳಿಯಲ್ಲ ಅಲ್ವಾ! ಹೊಸ ಮಾತ್ರೆ ಶುರುವಾಗಿರುವುದರಿಂದ ರಕ್ತದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಪರೀಕ್ಷೆ ಮುಂದಿನ ವಾರ ಇದೆ.