36 ವಾರಕ್ಕೆ ಮಗು ಹೋಯಿತು, ತಂಗಿಯನ್ನು ಹೇಗೆ ನೋಡಿಕೊಳ್ಳಲಿ?

ಕೇಳಿದವರು: ತಂಗಿಯ ಮಗು 36ನೇ ವಾರದಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಹೆರಿಗೆಯಾಗಿ ಮೂರು ದಿನ, ತವರಿಗೆ ಕರೆತಂದಿದ್ದೇವೆ. ಎದೆ ಕಲ್ಲಿನಂತಾಗಿದೆ, ಮಾತೇ ಆಡುತ್ತಿಲ್ಲ. ಮಗುವಿಗೆಂದು ತಂದ ಬಟ್ಟೆಯನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ ಹಿರಿಯರು. ತಿಳಿದವರು ಹೇಳಿ.

ಉತ್ತರ 1: ಮೊದಲು ಎದೆ ನೋಡಿ ಅಕ್ಕಾ. ಮಾಸು ಬಿದ್ದ ಮೇಲೆ ಮಗು ಇರಲಿ ಇಲ್ಲದಿರಲಿ, ಎರಡರಿಂದ ಐದು ದಿನದೊಳಗೆ ಹಾಲು ಇಳಿಯುತ್ತದೆ. ಸೀರೆ ಸುತ್ತಿ ಬಿಗಿಯಾಗಿ ಕಟ್ಟಬೇಡಿ. ಹಾಲಿನ ನಾಳ ಕಟ್ಟಿಕೊಂಡು ಬಾವು ಬರುವುದು ಹೀಗೇ. ತಂತಿ ಇಲ್ಲದ, ಮೈಗೆ ಹಿಡಿದು ಕೂರುವ ಬ್ರಾ ಸಾಕು. ತಣ್ಣೀರ ಬಟ್ಟೆಯನ್ನು 15 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ ಇಡಿ. ಎರೆಯುವಾಗ ಬಿಸಿನೀರು ಬೆನ್ನಿಗೆ ಹೋಗಲಿ, ಎದೆಗೆ ಬೇಡ. ನೋವು ತಡೆಯದಿದ್ದರೆ ಬಿಗು ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಲಿ, ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಎದೆಗೆ ಮಲ್ಲಿಗೆ ಹೂ ಕಟ್ಟುವ ನಮ್ಮ ರೂಢಿ ಬರೀ ನಂಬಿಕೆಯಲ್ಲ; 1980ರ ದಶಕದಲ್ಲಿ ವೆಲ್ಲೂರಿನ ವೈದ್ಯರು ಅದನ್ನು ಪರೀಕ್ಷಿಸಿ, ಹಾಲು ಇಳಿಮುಖವಾಗುತ್ತದೆ ಎಂದು ಕಂಡಿದ್ದಾರೆ. ಹಾಲು ನಿಲ್ಲಿಸುವ ಕ್ಯಾಬರ್ಗೋಲಿನ್ ಮಾತ್ರೆ ವೈದ್ಯರು ಬರೆದುಕೊಟ್ಟರೆ ಮಾತ್ರ. ಬಿಪಿ ಏರಿದ್ದ ಬಾಣಂತಿಗೆ ಅದು ಅಪಾಯ, ಮರೆಯದೆ ಹೇಳಿ. ಎದೆ ಒಂದು ಕಡೆ ಕೆಂಪಾಗಿ ಜ್ವರ 100.4 ದಾಟಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಉತ್ತರ 2: ಬಾಣಂತನ ನಿಲ್ಲಿಸಬೇಡಿ! ಮಗು ಇಲ್ಲವೆಂದು ಎಣ್ಣೆನೀರು, ಪಥ್ಯದ ಊಟ ಎಲ್ಲ ಕೈಬಿಡುವ ಮನೆಗಳಿವೆ. ರಕ್ತ ಹೋಗುವುದು ನಾಲ್ಕರಿಂದ ಆರು ವಾರ ಇದ್ದೇ ಇರುತ್ತದೆ, ಹೊಲಿಗೆಯೂ ಮಾಯಬೇಕು. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬಟ್ಟೆಯನ್ನು ಅವಳನ್ನು ಕೇಳದೆ ಕೊಡಬೇಡಿ. ಒಂದು ಪೆಟ್ಟಿಗೆಗೆ ಹಾಕಿ ನಿಮ್ಮ ಬಳಿ ಇಡಿ, ಇದೆ ಅಂತ ಅವಳಿಗೆ ತಿಳಿಸಿ. ಮಗುವಿಗೆ ಹೊದಿಸಿದ್ದ ಬಟ್ಟೆ ಸಿಕ್ಕರೆ ಒಗೆಯದೆ, ಒಣಗಿಸಿ ಜಿಪ್ ಕವರಿನಲ್ಲಿಡಿ. ಎಷ್ಟೋ ತಾಯಂದಿರು ಆಮೇಲೆ ಆ ವಾಸನೆಗಾಗಿಯೇ ಹುಡುಕುತ್ತಾರೆ. ಸ್ಕ್ಯಾನಿನ ಚಿತ್ರ ಥರ್ಮಲ್ ಕಾಗದದ್ದು, ವರ್ಷಗಳಲ್ಲಿ ಮಾಸಿಹೋಗುತ್ತದೆ. ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ. ಲ್ಯಾಮಿನೇಷನ್ ಬೇಡ, ಬಿಸಿಗೆ ಕಪ್ಪಾಗುತ್ತದೆ.

ಮಣ್ಣು ಮಾಡಿದ ಜಾಗ ಅವಳಿಗೆ ಗೊತ್ತೇ? ಮುಚ್ಚಿಡಬೇಡಿ.

ಉತ್ತರ 3: ಕೆಲಸದಲ್ಲಿದ್ದರೆ ರಜೆಯ ವಿಷಯ. 26ನೇ ವಾರದವರೆಗೆ ಆದರೆ ಗರ್ಭಪಾತ, ಆರು ವಾರ ರಜೆ. ಅದರಾಚೆಗೆ ಅದು ಹೆರಿಗೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 'ಮಗು' ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿದೆ. ಕಚೇರಿಗಳು ಆರು ವಾರವೆಂದು ತಪ್ಪು ಹೇಳುವುದು ಇಲ್ಲೇ. ಡಿಸ್ಚಾರ್ಜ್ ಪತ್ರದಲ್ಲಿ ಎಷ್ಟನೇ ವಾರ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರಿಗೆ 2022ರ ಆದೇಶದಂತೆ 60 ದಿನದ ವಿಶೇಷ ರಜೆ. ನಿರ್ಜೀವ ಜನನವನ್ನೂ 21 ದಿನದೊಳಗೆ ನೋಂದಾಯಿಸಬೇಕು. ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಅವರೇ ಮಾಹಿತಿ ಕೊಡಬೇಕು, ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ.

ತಾಯಿ ಕಾರ್ಡ್ ಮಾಡಿಸಿದ್ದ ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿಬಿಡಿ. ಇಲ್ಲವಾದರೆ 'ಮಗುವಿಗೆ ಲಸಿಕೆ ಹಾಕಿಸಿದಿರಾ' ಎಂಬ ಕರೆ ನೇರ ತಂಗಿಗೇ ಬರುತ್ತದೆ. ಮೊಬೈಲಿನ ಗರ್ಭಿಣಿ ಆ್ಯಪನ್ನೂ ಅವಳನ್ನು ಕೇಳಿ ತೆಗೆಯಿರಿ.

ಉತ್ತರ 4: ಮಾತಿಲ್ಲದಿರುವುದಕ್ಕೆ ಈಗಲೇ ಹೆದರಬೇಡಿ. ಪಕ್ಕ ಕೂತಿರಿ, 'ಇನ್ನೊಂದು ಆಗುತ್ತೆ ಬಿಡು' ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಮಗುವಿಗೆ ಹೆಸರು ಇಟ್ಟಿದ್ದರೆ ಆ ಹೆಸರಿನಿಂದಲೇ ಮಾತಾಡಿ. ಆದರೆ ಎರಡು ಮೂರು ರಾತ್ರಿ ಕಣ್ಣು ಮುಚ್ಚದಿದ್ದರೆ, ಇಲ್ಲದ ದನಿ ಕೇಳಿಸಿದರೆ, 'ನಾನೂ ಅದರ ಹಿಂದೆ ಹೋಗ್ತೀನಿ' ಎಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ನೀವೂ ಕರೆ ಮಾಡಬಹುದು ಅಕ್ಕಾ.