ಅಪರಿಚಿತ ಸರೋವರದಲ್ಲಿ ವಾಲ್‌ಐ, ಪೈಕ್, ಮಸ್ಕಿ: ಯಾವುದನ್ನು ನಂಬಿ ಹೊರಡಬೇಕು?

ತುಂಗಾತೀರ:
ಜೂನ್ ಕೊನೆಯ ವಾರದಲ್ಲಿ ನಾವು ನಾಲ್ವರು ಗೆಳೆಯರು ಶಿಕಾಗೊದಿಂದ ಉತ್ತರಕ್ಕೆ ಗಾಳ ಹಾಕಲು ಹೊರಡಲಿದ್ದೇವೆ. ನಮ್ಮದೇ ಹದಿನೇಳು ಅಡಿಯ ದೋಣಿಯಿದೆ. ವಾಲ್‌ಐ, ನಾರ್ದರ್ನ್ ಪೈಕ್, ಮಸ್ಕಿ ಎಂಬ ಮೂರೂ ಬೇಟೆಗಾರ ಮೀನುಗಳಿರುವ, ಆದರೆ ನಮ್ಮಲ್ಲಿ ಯಾರೂ ಈವರೆಗೆ ಕಂಡಿರದ ಸರೋವರವೊಂದನ್ನು ಆರಿಸಬೇಕಾಗಿದೆ. ಮಿನ್ನೆಸೋಟದ ವರ್ಮಿಲಿಯನ್ ಮತ್ತು ಲೀಚ್, ವಿಸ್ಕಾನ್ಸಿನ್‌ನ ಚಿಪ್ಪೆವಾ ಫ್ಲೋವೇಜ್, ಒಂಟಾರಿಯೊದ ಲಾಕ್ ಸೂಲ್ ಎಂಬ ನಾಲ್ಕು ಹೆಸರುಗಳು ನಮ್ಮ ಮುಂದಿವೆ. ಗೊತ್ತಿಲ್ಲದ ನೀರನ್ನು ನೀವು ಯಾವ ಆಧಾರದ ಮೇಲೆ ಆರಿಸುತ್ತೀರಿ?

ಬಿದಿರುಗಾಳ:
ಹೆಸರು ಕೇಳಿ ಆರಿಸುವುದನ್ನು ಮೊದಲು ಬಿಡಿ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೇಕ್‌ಫೈಂಡರ್ ತಾಣದಲ್ಲಿ ಸರೋವರಗಳ ಸಮೀಕ್ಷಾ ವರದಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. 250 ಅಡಿ ಉದ್ದದ, ಬೇರೆ ಬೇರೆ ಅಳತೆಯ ಕಣ್ಣುಗಳಿರುವ ಗಿಲ್ ನೆಟ್‌ಗಳನ್ನು ರಾತ್ರಿಯಿಡೀ ನೀರಿನಲ್ಲಿ ಬಿಟ್ಟು, ಬಲೆಯೊಂದಕ್ಕೆ ಎಷ್ಟು ವಾಲ್‌ಐ, ಎಷ್ಟು ಪೈಕ್ ಬಿದ್ದವು ಎಂದು ಬರೆದಿಟ್ಟಿರುತ್ತಾರೆ. ಅದೇ ಬಗೆಯ ಇತರ ಸರೋವರಗಳಲ್ಲಿ ಸಾಮಾನ್ಯವಾಗಿ ಬೀಳುವ ಪ್ರಮಾಣವನ್ನೂ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಬರೀ ಸಂಖ್ಯೆಗೆ ಮರುಳಾಗದೆ ಉದ್ದದ ಕೋಷ್ಟಕವನ್ನು ಓದಿ. ಪೈಕ್‌ಗಳ ಸಂಖ್ಯೆ ವಿಪರೀತವಾಗಿದ್ದು ಸರಾಸರಿ ತೂಕ ಕಡಿಮೆಯಿದ್ದರೆ, ಅಲ್ಲಿ ಬೆಳವಣಿಗೆ ನಿಂತ ಸಣ್ಣ ಪೈಕ್‌ಗಳು ದಿನವಿಡೀ ನಿಮ್ಮ ದಾರ ಕತ್ತರಿಸುತ್ತವೆ ಎಂದೇ ಅರ್ಥ. ಈ ವರದಿಯನ್ನು ಓದಲು ಬಲ್ಲವನಿಗೆ ಗೈಡ್ ಬೇಕಾಗಿಲ್ಲ.

ಕೆಂಪುನೀರು:
"ಗೈಡ್ ಬೇಕಾಗಿಲ್ಲ" ಎಂಬುದು ಬೇಜವಾಬ್ದಾರಿಯ ಮಾತು. ಚಿಪ್ಪೆವಾ ಫ್ಲೋವೇಜ್ 1920ರ ದಶಕದಲ್ಲಿ ಅಣೆಕಟ್ಟು ಕಟ್ಟಿ ಕಾಡು, ಜವುಗು, ಚಿಕ್ಕ ಕೆರೆಗಳನ್ನೆಲ್ಲ ಮುಳುಗಿಸಿದ, ಹದಿನೈದು ಸಾವಿರ ಎಕರೆಗೂ ಮಿಕ್ಕಿದ ನೀರು. ಮರದ ಬುಡಗಳು ನೀರಿನ ಮಟ್ಟದ ಸ್ವಲ್ಪ ಕೆಳಗೇ ನಿಂತಿರುತ್ತವೆ, ತೇಲುವ ಜವುಗು ದಿಬ್ಬಗಳು ಗಾಳಿಗೆ ಜಾಗ ಬದಲಿಸುತ್ತವೆ. ಯಾವ ಕೋಷ್ಟಕವೂ ಇದನ್ನು ಹೇಳುವುದಿಲ್ಲ. ಮೇಲಾಗಿ ಗಿಲ್ ನೆಟ್‌ಗೆ ಮಸ್ಕಿ ಬೀಳುವುದೇ ಅಪರೂಪ. ಅದನ್ನು ಎಣಿಸಲು ವಸಂತದಲ್ಲಿ ಬೇರೆಯೇ ಬಲೆ ಹಾಕುತ್ತಾರೆ. ಮುಖ್ಯವಾದ ಮಾತನ್ನು ಇಲ್ಲಿ ಯಾರೂ ಹೇಳುತ್ತಿಲ್ಲ: ಮಸ್ಕಿ ಹೆಚ್ಚಿದ ಕಡೆ ವಾಲ್‌ಐ ಉಳಿಯುವುದಿಲ್ಲ. ಮಿನ್ನೆಸೋಟದ ಆಟರ್ ಟೇಲ್ ಕೌಂಟಿಯ ಸರೋವರವಾಸಿಗಳು ತಮ್ಮ ನೀರಿಗೆ ಮಸ್ಕಿ ಮರಿಗಳನ್ನು ತಂದು ಬಿಡುವುದನ್ನು ಸುಮ್ಮನೆ ವಿರೋಧಿಸಲಿಲ್ಲ. ಮೂರೂ ಬೇಕೆಂಬ ಹಟದಿಂದ ಹೊರಟವರು ಮೂರನ್ನೂ ಕಳೆದುಕೊಳ್ಳುತ್ತಾರೆ.

ಹೇಮಾವತಿ:
"ಮಸ್ಕಿ ಹೆಚ್ಚಿದ ಕಡೆ ವಾಲ್‌ಐ ಉಳಿಯುವುದಿಲ್ಲ" ಎಂಬುದಕ್ಕೆ ಆಧಾರವೇನು? ನಿಮ್ಮದೇ ವಿಸ್ಕಾನ್ಸಿನ್‌ನ ಉತ್ತರ ಭಾಗದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 34 ಜಲಾಶಯ, ಸರೋವರಗಳ 1,092 ಮಸ್ಕಿಗಳ ಹೊಟ್ಟೆಯನ್ನು ಪರೀಕ್ಷಿಸಿದ್ದರು. ಸಿಕ್ಕಿದ್ದು ಹೆಚ್ಚಾಗಿ ಯೆಲ್ಲೋ ಪರ್ಚ್ ಮತ್ತು ವೈಟ್ ಸಕ್ಕರ್ ಮೀನುಗಳು. ವಾಲ್‌ಐ ಸಿಕ್ಕಿದ್ದು ಐದು. ವಿರೋಧಿಸಿದವರ ಸಂಖ್ಯೆಯನ್ನು ಸಾಕ್ಷ್ಯವೆಂದು ತೋರಿಸುವುದು ಸರಿಯಲ್ಲ.

ಕೆಂಪುನೀರು:
ಐದು ಎಂಬ ಅಂಕಿಯನ್ನು ಮಾತ್ರ ಎತ್ತಿಕೊಂಡಿದ್ದೀರಿ. ಆ ಹೊಟ್ಟೆಗಳಲ್ಲಿ ಹೆಚ್ಚಿನವು ಖಾಲಿಯಾಗಿದ್ದವು ಎಂಬುದನ್ನು ಏಕೆ ಬಿಟ್ಟಿರಿ? ಖಾಲಿ ಹೊಟ್ಟೆ ಏನನ್ನೂ ಸಾಬೀತು ಮಾಡುವುದಿಲ್ಲ. ಮಿನ್ನೆಸೋಟದ ಮಿಲ್ ಲಾಕ್ಸ್ ಸರೋವರವನ್ನು ನೋಡಿ: ನಲವತ್ತೆರಡು ಅಡಿಗಿಂತ ಆಳವಿಲ್ಲದ, ವಾಲ್‌ಐಗೆಂದೇ ಹೆಸರಾದ ಆ ನೀರಿನಲ್ಲಿ 2016ರಲ್ಲಿ ಹಿಡಿದ ಪ್ರತಿ ವಾಲ್‌ಐಯನ್ನೂ ಮರಳಿ ಬಿಡಬೇಕೆಂಬ ನಿಯಮ ಬಂತು. ಅಲ್ಲಿ ದೊಡ್ಡ ದೊಡ್ಡ ಮಸ್ಕಿಗಳಿವೆ, ಪೈಕ್‌ಗಳಿವೆ. ವಾಲ್‌ಐ ಮರಿಗಳು ಎಲ್ಲಿಗೆ ಹೋದವು?

ಬಿದಿರುಗಾಳ:
ಮಿಲ್ ಲಾಕ್ಸ್ ಹೆಸರೆತ್ತುವವರು 2005ರಲ್ಲಿ ಅಲ್ಲಿ ಜೀಬ್ರಾ ಮಸೆಲ್ ಪತ್ತೆಯಾದದ್ದನ್ನೂ ಹೇಳಬೇಕು. ಆ ಚಿಪ್ಪುಜೀವಿಗಳು ನೀರನ್ನು ಸೋಸಿ ತಿಳಿಯಾಗಿಸುತ್ತವೆ. ಮಬ್ಬು ಬೆಳಕಿನಲ್ಲಿ ಬೇಟೆಯಾಡಲು ತಕ್ಕ ಕಣ್ಣಿರುವ ವಾಲ್‌ಐಗೆ ತಿಳಿನೀರು ಅನುಕೂಲವಲ್ಲ. ವಾಲ್‌ಐ ತನ್ನ ಜಾತಿಯ ಮರಿಗಳನ್ನೇ ತಿನ್ನುತ್ತದೆ ಎಂಬುದನ್ನೂ ಮರೆಯಬೇಡಿ. ಲೀಚ್ ಲೇಕ್‌ನಲ್ಲಂತೂ ಮಸ್ಕಿ ಮೂಲನಿವಾಸಿ. ಯಾರೂ ತಂದು ಬಿಡುವ ಮೊದಲೇ ಅದು ವಾಲ್‌ಐ ಜೊತೆಗೆ ಅಲ್ಲಿ ಬಾಳುತ್ತಿತ್ತು. 2000ದ ದಶಕದಲ್ಲಿ ಅಲ್ಲಿ ವಾಲ್‌ಐ ಇಳಿದಾಗ ಇಲಾಖೆ ಬೊಟ್ಟು ಮಾಡಿದ್ದು ಕಾರ್ಮೊರೆಂಟ್ ನೀರುಕಾಗೆಗಳತ್ತ. 2005ರಿಂದ ಆ ಹಕ್ಕಿಗಳ ಸಂಖ್ಯೆಯನ್ನು ನಿಯಂತ್ರಿಸಿ, ಮರಿ ಬಿಟ್ಟು, ಅಳತೆಯ ನಿಯಮ ಬಿಗಿಗೊಳಿಸಿದ ಮೇಲೆ ವಾಲ್‌ಐ ಚೇತರಿಸಿಕೊಂಡಿತು. ಮಸ್ಕಿಯನ್ನು ಯಾರೂ ಮುಟ್ಟಲಿಲ್ಲ.

ಕೆಂಪುನೀರು:
ನೀರುಕಾಗೆಗಳು ತಿಂದು ವಾಲ್‌ಐ ಇಳಿಯಿತೆಂದು ನೀವೇ ಒಪ್ಪುತ್ತೀರಿ. ತಿನ್ನುವ ಪ್ರಾಣಿ ಹೆಚ್ಚಿದರೆ ವಾಲ್‌ಐ ಇಳಿಯುತ್ತದೆ ಎಂಬುದೇ ನನ್ನ ವಾದ. ಹಕ್ಕಿ ತಿಂದರೆ ನಷ್ಟ, ನಾಲ್ಕು ಅಡಿಯ ಮಸ್ಕಿ ತಿಂದರೆ ನಷ್ಟವಿಲ್ಲವೆಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಬೇಡಿ.

ಹೇಮಾವತಿ:
ದೀಪ ನೇರವಾಗಿಯೇ ಇದೆ. ಮಿನ್ನೆಸೋಟದಲ್ಲಿ ಮಸ್ಕಿ ಬಿಟ್ಟ 41 ಸರೋವರಗಳ ಹಿಂದಿನ ಮತ್ತು ನಂತರದ ಬಲೆ ದಾಖಲೆಗಳನ್ನು ಹೋಲಿಸಿದ ಅಧ್ಯಯನ 2012ರಲ್ಲಿ ಬಂದಿದೆ. ವಾಲ್‌ಐ ಸೇರಿದಂತೆ ಯಾವ ಜಾತಿಯೂ ಒಟ್ಟಾರೆಯಾಗಿ ಕುಸಿದದ್ದು ಕಾಣಲಿಲ್ಲ. ಇಲ್ಲಿ ಖಾಲಿ ಹೊಟ್ಟೆಯ ಪ್ರಶ್ನೆಯೇ ಏಳುವುದಿಲ್ಲ.

ಕೆಂಪುನೀರು:
"ಒಟ್ಟಾರೆಯಾಗಿ" ಎಂಬ ಮಾತಿನ ಹಿಂದೆ ಅಡಗಿಕೊಳ್ಳಬೇಡಿ. ಪ್ರವಾಸಿ ಒಟ್ಟಾರೆ ಸರೋವರದಲ್ಲಿ ದೋಣಿ ಇಳಿಸುವುದಿಲ್ಲ, ಒಂದು ಸರೋವರದಲ್ಲಿ ಇಳಿಸುತ್ತಾನೆ. ಕೆಲವು ಏರಿ ಕೆಲವು ಇಳಿದರೆ ಸರಾಸರಿ ಸಮವಾಗಿಯೇ ಕಾಣುತ್ತದೆ. ದಡದಲ್ಲಿ ವಾಸಿಸುವವರು ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವ ಹಕ್ಕು ವರದಿ ಓದುವವರಿಗೆ ಇಲ್ಲ.

ಉತ್ತರದೋಣಿ:
ಮಸ್ಕಿ ವಾಲ್‌ಐಯನ್ನು ತಿನ್ನುತ್ತದೆಯೇ ಎಂಬ ಜಗಳದಲ್ಲಿ ಕೇಳಿದವರ ಪ್ರಶ್ನೆ ಕಳೆದುಹೋಗಿದೆ. ಚಿಂತಿಸಬೇಕಾದದ್ದು ಪೈಕ್ ಮತ್ತು ಮಸ್ಕಿಯ ನಡುವಿನ ಸಂಬಂಧ. ಸರೋವರದ ಮಂಜುಗಡ್ಡೆ ಕರಗಿದ ಕೂಡಲೇ ಪೈಕ್ ಮೊಟ್ಟೆಯಿಡುತ್ತದೆ, ಮಸ್ಕಿ ಅದರ ನಂತರ. ಹೀಗಾಗಿ ಆ ವೇಳೆಗೆ ದೊಡ್ಡದಾಗಿರುವ ಪೈಕ್ ಮರಿಗಳು ಮಸ್ಕಿ ಮರಿಗಳನ್ನು ತಿನ್ನುತ್ತವೆ. ಎರಡೂ ಚೆನ್ನಾಗಿರಬೇಕಾದರೆ ವಿಶಾಲವಾದ, ಬಗೆಬಗೆಯ ದಡವಿರುವ ನೀರು ಬೇಕು. ಲಾಕ್ ಸೂಲ್ ಅಂಥದು. ಅಲ್ಲಿ 46ರಿಂದ 53 ಸೆಂಟಿಮೀಟರ್ ಉದ್ದದ ವಾಲ್‌ಐಯನ್ನು ಇಟ್ಟುಕೊಳ್ಳುವಂತಿಲ್ಲ, ಮಸ್ಕಿಯನ್ನಂತೂ ಯಾವ ಅಳತೆಯದನ್ನೂ ಇಟ್ಟುಕೊಳ್ಳುವಂತಿಲ್ಲ. ನೀರು ಕಂದುಬಣ್ಣದ್ದಾದ್ದರಿಂದ ವಾಲ್‌ಐ ನಡುಹಗಲಿನಲ್ಲೂ ಕಚ್ಚುತ್ತದೆ. ಅಲ್ಲಿಗೆ ಹೋಗುವವರು ಒಂದನ್ನು ತಿಳಿದಿರಲಿ: ಅಣೆಕಟ್ಟಿನಿಂದ ಲಾಕ್ ಸೂಲ್ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಜನರ ನೆಲದ ಸುಮಾರು ಐದನೇ ಒಂದು ಭಾಗ ಮುಳುಗಿತು, ಅದಕ್ಕೆ ನ್ಯಾಯವಾದ ಪರಿಹಾರದ ಬಗ್ಗೆ ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2021ರಲ್ಲಿ. ಜೀವಂತ ಎರೆಮೀನು, ಜಿಗಣೆಗಳನ್ನು ಗಡಿ ದಾಟಿಸುವಂತಿಲ್ಲ, ಅಲ್ಲೇ ಕೊಳ್ಳಬೇಕು.

ತುಂಗಾತೀರ:
ಗಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮಲ್ಲಿ ಇಬ್ಬರು ಭಾರತದ ಪಾಸ್‌ಪೋರ್ಟ್ ಇರುವ, ಗ್ರೀನ್ ಕಾರ್ಡ್ ಇನ್ನೂ ಸಿಗದವರು. ಅವರಿಗೆ ಕೆನಡಾ ವೀಸಾ ಬೇಕು, ಜೂನ್ ಒಳಗೆ ಅದು ಕೈಗೆ ಬರುವ ಭರವಸೆಯಿಲ್ಲ. ಉಳಿದ ಮೂರರಲ್ಲಿ ಹದಿನೇಳು ಅಡಿಯ ದೋಣಿಗೆ ಯಾವುದು ಸೂಕ್ತ?

ಬಿದಿರುಗಾಳ:
ದೋಣಿಯ ಉದ್ದವೇ ಉತ್ತರವನ್ನು ನಿರ್ಧರಿಸುತ್ತದೆ. ಲೀಚ್ ಲೇಕ್ ಲಕ್ಷ ಎಕರೆಗೂ ಮಿಕ್ಕಿದ್ದು. ಅದರ ವಾಕರ್ ಬೇ ಕೊಲ್ಲಿ ಆಳವಾಗಿದ್ದರೂ ಮುಖ್ಯ ಭಾಗ ಆಳವಿಲ್ಲದ ಬಯಲು ನೀರು, ಆದ್ದರಿಂದ ಗಾಳಿಯೆದ್ದರೆ ಅಲೆ ಬಹಳ ಬೇಗ ಏಳುತ್ತದೆ. ವರ್ಮಿಲಿಯನ್ ಸುಮಾರು ನಲವತ್ತು ಸಾವಿರ ಎಕರೆಯಿದ್ದರೂ ನೂರಾರು ದ್ವೀಪಗಳು, ಒಳಕೊಲ್ಲಿಗಳು ಇರುವುದರಿಂದ ಯಾವ ದಿಕ್ಕಿನ ಗಾಳಿಗೂ ಮರೆ ಸಿಗುತ್ತದೆ. ಅಲ್ಲಿ 1980ರ ದಶಕದಿಂದ ಬಿಟ್ಟ ಮಸ್ಕಿಗಳು ಈಗ ಪ್ರಸಿದ್ಧವಾಗಿವೆ. ವಾಲ್‌ಐ ಕೂಡ ಇದೆ, ಕೆಂಪುನೀರು ಅವರು ಇದನ್ನು ಗಮನಿಸಬೇಕು.

ಕೆಂಪುನೀರು:
"ವಾಲ್‌ಐ ಕೂಡ ಇದೆ" ಎಂದರೆ ಮೊದಲಿನಷ್ಟೇ ಇದೆ ಎಂದಾಗುವುದಿಲ್ಲ. ಮರೆಯ ನೀರೇ ಬೇಕಾದರೆ ಚಿಪ್ಪೆವಾ ಫ್ಲೋವೇಜ್‌ನಲ್ಲಿ ಅದಕ್ಕೆ ಕೊರತೆಯಿಲ್ಲ, ಶಿಕಾಗೊದಿಂದ ದೂರವೂ ಕಡಿಮೆ. 69 ಪೌಂಡ್ 11 ಔನ್ಸ್‌ನ ಮಸ್ಕಿ 1949ರಲ್ಲಿ ಸಿಕ್ಕಿದ್ದು ಅಲ್ಲೇ.

ಹೇಮಾವತಿ:
ಆ ದಾಖಲೆಯ ಬಗ್ಗೆ ಇಂದಿಗೂ ತಕರಾರಿದೆ. ಹೇವರ್ಡ್‌ನ ಮೀನುಗಾರಿಕೆ ಸಂಗ್ರಹಾಲಯ ಅದನ್ನು ಒಪ್ಪಿದರೆ, ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕಾ ಸಂಸ್ಥೆ ಒಪ್ಪುವುದು ಅದೇ ವರ್ಷ ವಿಸ್ಕಾನ್ಸಿನ್‌ನ ಲಾಕ್ ಕೂರ್ಟ್ ಒರೇಲ್ ಸರೋವರದಲ್ಲಿ ಸಿಕ್ಕ ಬೇರೊಂದು ಮೀನನ್ನು. 1949ರ ಮೀನನ್ನು ನಂಬಿ ಈ ಜೂನ್‌ನ ಪ್ರವಾಸ ನಿಗದಿ ಮಾಡಬಾರದು.

ತುಂಗಾತೀರ ಅವರೇ, ಎಲ್ಲಿಗೇ ಹೋದರೂ ಬೆಳಗ್ಗೆ ಮತ್ತು ಸಂಜೆಯನ್ನು ವಾಲ್‌ಐಗೆ ಮೀಸಲಿಡಿ. ಕಲ್ಲುದಿಬ್ಬದ ಅಂಚಿನಲ್ಲಿ, ಗಾಳಿ ಬಡಿಯುವ ಬದಿಯಲ್ಲಿ, ಕಾಲು ಔನ್ಸಿನ ಜಿಗ್ (ಭಾರದ ತಲೆಯಿರುವ ಗಾಳ) ತಳವನ್ನು ಮುಟ್ಟಿ ಮುಟ್ಟಿ ಬರಲಿ. ಮಸ್ಕಿಗೆ ಎಸೆಯುವಾಗ ಗಾಳವನ್ನು ದೋಣಿಯ ಪಕ್ಕಕ್ಕೆ ಎಳೆದುಕೊಂಡ ಕೂಡಲೇ ಮೇಲೆತ್ತಬೇಡಿ. ಕೋಲಿನ ತುದಿಯನ್ನು ನೀರಿನೊಳಗೆ ಅದ್ದಿ ಅಗಲವಾದ ಎಂಟರ ಆಕಾರದಲ್ಲಿ ತಿರುಗಿಸಿ, ಏಕೆಂದರೆ ಬೆನ್ನಟ್ಟಿ ಬಂದ ಮೀನು ಬಹಳ ಸಲ ಕಚ್ಚುವುದು ಆ ತಿರುವಿನಲ್ಲೇ. ರಬ್ಬರ್ ಲೇಪದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆ ಕತ್ತರಿಸುವ ಕಟರ್ ಇಲ್ಲದೆ ಹೊರಡಬೇಡಿ. ನೀರಿನ ಉಷ್ಣತೆ 80 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಮಸ್ಕಿಯ ಗೊಡವೆಗೇ ಹೋಗಬೇಡಿ; ಬಿಟ್ಟ ಮೀನೂ ಸಾಯಬಹುದು.

ಬಿದಿರುಗಾಳ:
ಮಿನ್ನೆಸೋಟದಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದನ್ನೂ ಸೇರಿಸಿ. ದೋಣಿಯನ್ನು ರಸ್ತೆಗೆ ತರುವ ಮೊದಲು ತಳದ ಬಿರಡೆ ತೆಗೆದು ನೀರನ್ನೆಲ್ಲ ಬಸಿಯಬೇಕು, ಅದು ಕಾನೂನು. ಜೀಬ್ರಾ ಮಸೆಲ್ ಸೇರಿ ಮಿಲ್ ಲಾಕ್ಸ್‌ಗೆ ಆದದ್ದು ವರ್ಮಿಲಿಯನ್‌ಗೆ ಆಗಬಾರದು.

ತುಂಗಾತೀರ:
ವರ್ಮಿಲಿಯನ್‌ಗೆ ಹೋಗುವುದೆಂದು ನಾಲ್ವರೂ ಒಪ್ಪಿದ್ದೇವೆ. ಮೊದಲ ದಿನಕ್ಕೆ ಸ್ಥಳೀಯ ಗೈಡ್ ಒಬ್ಬರನ್ನು ಗೊತ್ತುಮಾಡುತ್ತೇವೆ.

ಕೆಂಪುನೀರು:
ಗೈಡ್ ಗೊತ್ತುಮಾಡುವುದು ಸರಿಯಾದ ನಿರ್ಧಾರ, ಬಿರಡೆ ತೆಗೆಯುವುದಕ್ಕೂ ನನ್ನ ತಕರಾರಿಲ್ಲ. ಆ ಐದು ವಾಲ್‌ಐಗಳ ಲೆಕ್ಕವನ್ನು ಮಾತ್ರ ನಾನು ಒಪ್ಪುವುದಿಲ್ಲ.